ಲೀಟರಿಗೆ ಎಷ್ಟು ಕೊಡ್ತದೆ

ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದ ಚನ್ನಲಿಂಗಪ್ಪನ ತಲೆಗೆ ಸಣ್ಣ ಕಾರೊಂದನ್ನು ಕೊಳ್ಳುವ ಆಸೆ ಹಾಕಿದವಳು ಅವನ ಹೆಂಡತಿ ಗಿರಿಜಾಂಬ. ಕೆಲಸ ಬಿಟ್ಟ ಮೇಲೆ ಮನುಷ್ಯ ಮನೆಯಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲಿ ಕೂರುತ್ತಿರಲಿಲ್ಲ. ಬೆಳಗ್ಗೆ ಕಾಫಿ ಕುಡಿದವನೇ ರಾಮನಗರದ ಬಸ್ ಸ್ಟ್ಯಾಂಡಿಗೆ ಹೋಗಿ, ಹಳೆಯ ಜೊತೆಗಾರರು ಗಾಡಿ ತೆಗೆಯುವುದನ್ನು ನೋಡುತ್ತ ನಿಲ್ಲುತ್ತಿದ್ದ. ಬಿಸಿಲೇರಿದ ಮೇಲೆ ಸಪ್ಪೆ ಮೋರೆ ಹಾಕಿಕೊಂಡು ವಾಪಸು ಬರುತ್ತಿದ್ದ. ಗಿರಿಜಾಂಬ ಕೆಲವು ತಿಂಗಳು ಸುಮ್ಮನೆ ನೋಡಿದಳು. ಆಮೇಲೆ ಒಂದು ದಿನ, ಅನ್ನಕ್ಕೆ ಸಾರು ಬಡಿಸುತ್ತಲೇ, ಕೈಗೆ ಬಂದ ದುಡ್ಡು ಬ್ಯಾಂಕಿನಲ್ಲಿ ಕೊಳೆಯುವುದಕ್ಕಿಂತ ಒಂದು ಕಾರಾದರೂ ತಗೊಳ್ಳಿ, ನನ್ನ ತವರು ಕೆಂಪಾಪುರಕ್ಕೆ ಹೋಗಿಬರೋಕೂ ಆಗುತ್ತೆ ಎಂದಳು. ಸ್ಟೇರಿಂಗು ಸಿಕ್ಕರೆ ಗಂಡನ ಮುಖದಲ್ಲಿ ಕಳೆ ಬಂದೀತು ಎನ್ನುವುದು ಅವಳ ಮನಸ್ಸಿನಲ್ಲಿದ್ದ ಮಾತು. ಅದನ್ನು ಆಡಲಿಲ್ಲ.

ಚನ್ನಲಿಂಗಪ್ಪ ಬೇಡ ಎನ್ನಲಿಲ್ಲ. ಆದರೆ ತಕ್ಷಣ ಹೋಗಿ ಕೊಳ್ಳುವ ಜಾಯಮಾನವೂ ಅವನದಲ್ಲ. ಅವನಿಗೆ ಇಡೀ ಸರ್ವೀಸಿನಲ್ಲಿ ಹೆಸರು ಬಂದಿದ್ದೇ ಡೀಸೆಲ್ ಉಳಿಸುವುದರಲ್ಲಿ. ಡಿಪೋದಲ್ಲಿ ಯಾವ ಡ್ರೈವರು ಲೀಟರಿಗೆ ಎಷ್ಟು ಕಿಲೋಮೀಟರು ಓಡಿಸಿದ ಎನ್ನುವುದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಾಗಡಿಯ ಏರು ರಸ್ತೆಗೆ ಹಾಕಿದರೂ ಅಷ್ಟೇ, ಕನಕಪುರದ ತಿರುವಿಗೆ ಹಾಕಿದರೂ ಅಷ್ಟೇ, ಚನ್ನಲಿಂಗಪ್ಪನ ಹೆಸರು ಮೇಲಿನ ಸಾಲಿನಿಂದ ಕೆಳಗಿಳಿದದ್ದು ಅಪರೂಪ. ಒಂದು ಸಲ ಬೆಂಗಳೂರಿಗೆ ಕರೆಸಿ ಶಾಲು ಹೊದಿಸಿ ಕಳಿಸಿದ್ದರು. ಗುಟ್ಟೇನು ಎಂದು ಹೊಸ ಹುಡುಗರು ಕೇಳಿದರೆ, ಗುಟ್ಟೂ ಇಲ್ಲ ಗಂಟೂ ಇಲ್ಲ, ದೂರದಿಂದಲೇ ನೋಡಬೇಕು, ನೋಡಿ ಆಕ್ಸಿಲರೇಟರಿನಿಂದ ಕಾಲು ಎತ್ತಬೇಕು, ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡಬೇಕು ಎನ್ನುತ್ತಿದ್ದ. ಬ್ರೇಕು ತುಳಿದಷ್ಟೂ ಸುಟ್ಟ ಎಣ್ಣೆ ದಂಡ ಎನ್ನುವುದು ಅವನ ಲೆಕ್ಕ. ಅವನ ಬಸ್ಸಿನಲ್ಲಿ ಕೂತ ಮುದುಕಿಯರು, ತೊಟ್ಟಿಲಲ್ಲಿ ಮಲಗಿದ ಹಾಗಿತ್ತು ಕಣಪ್ಪ ಎಂದು ಹರಸಿ ಇಳಿಯುತ್ತಿದ್ದರು.

ಹೀಗಾಗಿ ಕಾರು ಹುಡುಕುವುದೇ ಅವನಿಗೊಂದು ಉದ್ಯೋಗವಾಯಿತು. ಪೆಟ್ರೋಲ್ ಬಂಕಿನ ಬಳಿ ನಿಂತು, ಕಾರಿನವರು ಇಳಿದು ಕಾಲು ಝಾಡಿಸುವಷ್ಟರಲ್ಲಿ ಹತ್ತಿರ ಹೋಗಿ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುತ್ತಿದ್ದ. ಬಿಡದಿಯಿಂದ ಚನ್ನಪಟ್ಟಣದವರೆಗಿನ ಷೋರೂಮುಗಳನ್ನೆಲ್ಲ ಸುತ್ತಿದ. ಗ್ಯಾಸಿನ ಕಾರು ಕಡಿಮೆ ಖರ್ಚಿನದೇನೋ ಹೌದು, ಆದರೆ ಸಿಲಿಂಡರು ಡಿಕ್ಕಿಯನ್ನೆಲ್ಲ ನುಂಗುತ್ತದೆ, ಊರಿಂದ ಒಂದು ಮೂಟೆ ರಾಗಿ ತರುವುದೆಲ್ಲಿ? ಗೇರು ತಾನೇ ಬದಲಾಗುವ ಕಾರು ಸುಖದ್ದು, ಆದರೆ ಯಾವ ಗೇರು ಯಾವಾಗ ಎನ್ನುವುದನ್ನು ಯಂತ್ರಕ್ಕೆ ಬಿಟ್ಟು ತಾನು ಕೈಕಟ್ಟಿ ಕೂರುವುದು ಅವನಿಗೆ ಸರಿಬರಲಿಲ್ಲ. ಸಂಜೆ ಮನೆಗೆ ಬಂದು ಇದನ್ನೆಲ್ಲ ಗಿರಿಜಾಂಬನ ಮುಂದೆ ಹರಡುತ್ತಿದ್ದ. ಅವಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಗಂಡ ಮಾತಾಡುತ್ತಿದ್ದಾನಲ್ಲ ಎಂಬ ಸಮಾಧಾನಕ್ಕೆ ತಲೆಯಾಡಿಸುತ್ತಿದ್ದಳು. ಮಗಳು ರಕ್ಷಿತಾ ಚನ್ನಪಟ್ಟಣದ ಶಾಲೆಯೊಂದರಲ್ಲಿ ಟೀಚರು. ಅಪ್ಪ ಕಾರು ಆರಿಸುವಷ್ಟರಲ್ಲಿ ಪೆಟ್ರೋಲೇ ಮುಗಿದುಹೋಗುತ್ತೆ ಎಂದು ಅವಳು ನಗುತ್ತಿದ್ದಳು.

ಕೊನೆಗೆ ಒಂದು ಬಿಳಿಯ ಕಾರು ಅವನ ಮನಸ್ಸಿಗೆ ಬಂತು. ರಾಮನಗರದ ಷೋರೂಮಿನಲ್ಲಿ ಅದನ್ನು ಮಾರುತ್ತಿದ್ದವನು ದಯಾನಂದ್. ಮಾಗಡಿಯಿಂದ ಕಾಲೇಜಿಗೆ ಬರುವಾಗ ಚನ್ನಲಿಂಗಪ್ಪನ ಬಸ್ಸಿನಲ್ಲೇ ಓಡಾಡಿದವನು, ಆ ಸಲುಗೆಯಿಂದ ಅಣ್ಣ ಎನ್ನುತ್ತಿದ್ದ. ಕಂಪನಿ ಹೇಳುವ ಮೈಲೇಜಿನ ಮಾತು ಬಂದಾಗ ಚನ್ನಲಿಂಗಪ್ಪ ನಕ್ಕುಬಿಟ್ಟ. ಟ್ಯಾಂಕು ಬಾಯಿಮಟ್ಟ ತುಂಬಿಸಿ, ಕನಕಪುರದವರೆಗೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿದರೆ ಸತ್ಯ ಗೊತ್ತಾಗುತ್ತದೆ, ಅಲ್ಲಿಯವರೆಗೆ ನಂಬುವುದಿಲ್ಲ ಎಂದ. ಬೇರೆ ಗಿರಾಕಿಯಾಗಿದ್ದರೆ ದಯಾನಂದ್ ಒಪ್ಪುತ್ತಿರಲಿಲ್ಲವೇನೋ. ಚನ್ನಲಿಂಗಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಭಾನುವಾರ ಬೆಳಗ್ಗೆ ಬನ್ನಿ ಎಂದ.

ಆ ಭಾನುವಾರ ಚನ್ನಲಿಂಗಪ್ಪ ಮದುವೆ ಗಂಡಿನ ಹಾಗೆ ಸಿದ್ಧನಾದ. ಗಿರಿಜಾಂಬ, ನೀವು ಬರುವಷ್ಟರಲ್ಲಿ ಶಾವಿಗೆ ಒತ್ತಿಟ್ಟಿರುತ್ತೇನೆ, ಬಿಸಿಬಿಸಿ ತಿನ್ನುವಿರಂತೆ ಎಂದು ಮನೆಯಲ್ಲೇ ಉಳಿದಳು. ರಕ್ಷಿತಾ ಹಿಂದಿನ ಸೀಟಿನಲ್ಲಿ ಕೂತಳು, ದಯಾನಂದ್ ಪಕ್ಕದಲ್ಲಿ. ಊರು ದಾಟುವವರೆಗೆ ಚನ್ನಲಿಂಗಪ್ಪ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ. ಕನಕಪುರದ ರಸ್ತೆ ಹಿಡಿದ ಮೇಲೆ ಮೈ ಸಡಿಲವಾಯಿತು. ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತಿತ್ತು. ಎದುರಿನ ಪುಟ್ಟ ಪರದೆಯಲ್ಲಿ ಲೀಟರಿಗೆ ಎಷ್ಟು ಎನ್ನುವ ಅಂಕಿ ಏರುತ್ತ ಹೋಯಿತು. ದಯಾನಂದನೇ ಬೆರಗಾಗಿ, ಈ ಕಾರಿನಲ್ಲಿ ಇಷ್ಟು ಬಂದಿದ್ದನ್ನು ತಾನು ನೋಡೇ ಇಲ್ಲ ಎಂದ. ಹಿಂದಿನಿಂದ ನೋಡುತ್ತಿದ್ದ ರಕ್ಷಿತಾಗೆ ಅಪ್ಪನ ಕೆನ್ನೆ ಉಬ್ಬಿದ್ದು ಕಂಡಿತು. ಎಷ್ಟೋ ದಿನದ ಮೇಲೆ ಅಪ್ಪ ನಗುತ್ತಿದ್ದ.

ದಾರಿಯಲ್ಲೊಂದು ಸಣ್ಣ ಊರು. ರಸ್ತೆ ಪಕ್ಕದಲ್ಲೇ ಹಾಲಿನ ಡೈರಿ. ಹಾಲು ಹಾಕಿ ಬರಿಗೈಯಾದವರು ಅಲ್ಲಲ್ಲಿ ನಿಂತು ಮಾತಾಡುತ್ತಿದ್ದರು. ಚನ್ನಲಿಂಗಪ್ಪ ಕಾಲು ಎತ್ತಿ ಗಾಡಿ ಉರುಳಲು ಬಿಟ್ಟ. ಎಡಗಡೆಯಿಂದ ಒಬ್ಬ ಹೆಂಗಸು ಕ್ಯಾನು ಹಿಡಿದುಕೊಂಡು ರಸ್ತೆಗೆ ಇಳಿದಳು. ಏನೋ ಬಡಿದ ಸದ್ದಾಯಿತು. ಕ್ಯಾನು ರಸ್ತೆಯ ಮೇಲೆ ಉರುಳಿಕೊಂಡು ಹೋಗಿದ್ದನ್ನು ಚನ್ನಲಿಂಗಪ್ಪ ನೋಡಿದ. ಹೆಂಗಸನ್ನು ನೋಡಿದ್ದು, ಬ್ರೇಕು ತುಳಿದು ಬಾಗಿಲು ತೆಗೆದು ಇಳಿದ ಮೇಲೆಯೇ.

ಅವಳ ಹೆಸರು ಮುನಿರತ್ನಮ್ಮ. ಅರವತ್ತರ ಹತ್ತಿರದವಳು, ಗಂಡ ಇಲ್ಲ, ಎರಡು ಹಸು ಕಟ್ಟಿಕೊಂಡು ಜೀವನ ಮಾಡುತ್ತಿದ್ದವಳು. ಪ್ರಜ್ಞೆ ಇತ್ತು. ಕೂಗಾಡಲಿಲ್ಲ. ಸೊಂಟದ ಕೆಳಗೆ ಕೈ ಒತ್ತಿಕೊಂಡು, ನನ್ನನ್ನು ಎತ್ತಬೇಡಿ ಎತ್ತಬೇಡಿ ಎಂದಷ್ಟೇ ಹೇಳುತ್ತಿದ್ದಳು. ಅದೇ ಕಾರಿನಲ್ಲಿ ಹಿಂದೆ ಮಲಗಿಸಿಕೊಂಡು ದಯಾನಂದ್ ಓಡಿಸಿದ. ರಕ್ಷಿತಾಳ ತೊಡೆಯ ಮೇಲೆ ಅವಳ ತಲೆ. ಚನ್ನಲಿಂಗಪ್ಪ ಮುಂದೆ ಕೂತು ರಾಮನಗರದ ಆಸ್ಪತ್ರೆಯವರೆಗೂ ಒಂದೇ ಮಾತು ಹೇಳುತ್ತ ಬಂದ: "ಎಲ್ಲಿಂದ ಬಂದ್ಲೋ ಕಾಣೆ. ಎಲ್ಲಿಂದ ಬಂದ್ಲೋ."

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಬೇಕು, ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದರು.

ಮಧ್ಯಾಹ್ನ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು ಸಿದ್ದಯ್ಯ, ಅವನೂ ಚನ್ನಲಿಂಗಪ್ಪನ ಬಸ್ಸಿನಲ್ಲಿ ಓಡಾಡಿದವನೇ. ಇಷ್ಟು ವರ್ಷ ಒಂದು ಕೋಳಿಯನ್ನೂ ತುಳಿಸದ ಕೈ ಇದು, ಇವರ ತಪ್ಪಿರಲಿಕ್ಕೆ ಸಾಧ್ಯವಿಲ್ಲ ಎಂದು ಅವನೇ ಮೊದಲು ಹೇಳಿದ. ಆಯಮ್ಮ ನೋಡದೆ ನುಗ್ಗಿಬಿಟ್ಟರು ಎಂದ ದಯಾನಂದ್. ಅವನು ಸುಳ್ಳು ಹೇಳಲಿಲ್ಲ, ಆ ಗಳಿಗೆಯಲ್ಲಿ ಅವನು ಪರದೆಯ ಮೇಲಿನ ಅಂಕಿಯನ್ನು ನೋಡುತ್ತಿದ್ದ. ಚನ್ನಲಿಂಗಪ್ಪ ಹೌದು ಎಂದ. ಅವನೂ ಸುಳ್ಳು ಹೇಳಲಿಲ್ಲ. ಅವನ ಪಾಲಿಗೆ ಅವಳು ನಿಜವಾಗಿಯೂ ಗಾಳಿಯಿಂದ ಉದುರಿದ ಹಾಗೆ ಬಂದಿದ್ದಳು. ರಕ್ಷಿತಾ ಆಗ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದರೆ ಶಾವಿಗೆ ತಣ್ಣಗಾಗಿ ಗಟ್ಟಿಯಾಗಿತ್ತು. ಗಿರಿಜಾಂಬ ವಿಷಯ ಕೇಳಿ ದೇವರ ಮುಂದೆ ಕೂತುಬಿಟ್ಟಳು. ಚನ್ನಲಿಂಗಪ್ಪ ಆವತ್ತೂ ಮಾರನೆಯ ದಿನವೂ ಎಲ್ಲಿಂದ ಬಂದಳೋ ಕಾಣೆ ಎಂದೇ ಹೇಳಿದ, ಬಂದುಹೋದವರಿಗೆಲ್ಲ ಅದನ್ನೇ ಹೇಳಿದ. ರಕ್ಷಿತಾ ಬಾಯಿ ಬಿಡಲಿಲ್ಲ. ಶಾಲೆಯಿಂದ ನೇರವಾಗಿ ಆಸ್ಪತ್ರೆಗೆ ಹೋಗಿ, ಮುನಿರತ್ನಮ್ಮನ ಬಳಿ ಕೂತು, ಕತ್ತಲಾಗುವ ಮೊದಲು ಬರುತ್ತಿದ್ದಳು. ಒಂದು ಸಂಜೆ ಹಾಗೆ ಬಂದವಳು, ಚಪ್ಪಲಿಯನ್ನೂ ಬಿಡದೆ, ಜಗುಲಿಯಲ್ಲಿ ಕೂತಿದ್ದ ಅಪ್ಪನ ಎದುರು ನಿಂತಳು.

"ಅಪ್ಪ, ಒಂದ್ ಮಾತು ಹೇಳ್ತೀನಿ. ಬೈಬ್ಯಾಡ."

"ಹೇಳವ್ವ."

"ಆಯಮ್ಮ ನುಗ್ಗಿ ಬರ್ನಿಲ್ಲ. ದೂರದಿಂದ್ಲೇ ಬತ್ತಾ ಇದ್ರು. ಡೈರಿ ಬಾಗ್ಲಿಂದ ಇಳ್ದು ರಸ್ತೆಗೆ ಬರೋವರ್ಗೂ ನಾನು ನೋಡ್ತಾನೇ ಇದ್ದೆ."

ಚನ್ನಲಿಂಗಪ್ಪ ಮಗಳ ಮುಖ ನೋಡಿದ.

"ನೀನು ಕಾಲ್ ಎತ್ತಿದ್ಯಲ್ಲಪ್ಪ, ಯಾವಾಗ್ಲೂ ಎತ್ತೋ ಅಂಗೆ. ಅದುಕ್ಕೆ ನೀನೂ ನೋಡ್ದೆ ಅಂದ್ಕೊಂಡೆ. ನೋಡಿ, ಉರುಳಿಸ್ಕೊಂಡು ಹೋಗಿ ನಿಲ್ಲಿಸ್ತೀಯ ಅಂತ ಸುಮ್ನೆ ಕೂತಿದ್ದೆ. ಕೂಗಿದ್ರೆ ಆಗೋದು. ನಾನೂ ಕೂಗ್ನಿಲ್ಲ."

ಅಷ್ಟು ಹೇಳಿ ಅವಳು ಅಳತೊಡಗಿದಳು. ಒಳಗೆ ದೀಪ ಹಚ್ಚುತ್ತಿದ್ದ ಗಿರಿಜಾಂಬ ಬಾಗಿಲಿಗೆ ಬಂದು ನಿಂತಳು.

ಚನ್ನಲಿಂಗಪ್ಪನಿಗೆ ಮೊದಲು ತೋಚಿದ್ದು ಆ ಪರದೆಯ ಅಂಕಿ. ಮೈಲೇಜಿನ ಹುಚ್ಚಿಗೆ ಬಿದ್ದು ರಸ್ತೆ ನೋಡುವುದು ಬಿಟ್ಟೆ ಎಂದು ತನ್ನನ್ನು ತಾನೇ ಬೈದುಕೊಂಡ. ಹಾಗೆ ಬೈದುಕೊಳ್ಳುವುದರಲ್ಲಿ ಒಂದು ನೆಮ್ಮದಿಯೂ ಇತ್ತು. ಆಸೆಯ ತಪ್ಪಾದರೆ ತಿದ್ದಿಕೊಳ್ಳಬಹುದು. ಆದರೆ ಮನಸ್ಸು ಒಪ್ಪಲಿಲ್ಲ. ಡೈರಿ ಬಂದಾಗ ಅವನು ಕಣ್ಣನ್ನು ರಸ್ತೆಯಲ್ಲೇ ಇಟ್ಟಿದ್ದ, ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಮಾರನೆಯ ಬೆಳಗ್ಗೆ ಗಿರಿಜಾಂಬ ಅವನ ಎಡಗಡೆ ಕಾಫಿ ಲೋಟ ಇಟ್ಟು ಹೋದಳು. ಅವನು ಅದನ್ನು ಕೈ ತಗುಲಿಸಿ ಚೆಲ್ಲಿದ. ಇತ್ತೀಚೆಗೆ ಅದೂ ಹೊಸದಲ್ಲ. ಗಿರಿಜಾಂಬ ಬಟ್ಟೆ ತಂದು ಒರೆಸುತ್ತ, ತಲೆಯೆತ್ತದೆ, ಒಸಿ ಕಣ್ಣು ತೋರಿಸಿಕೊಂಡು ಬರೋಣ ನಡೀರಿ ಎಂದಳು.

ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಒಂದೆರಡು ಸಲ ಒತ್ತಿದ. ಆಮೇಲೆ ಬೆಳಕೇ ಬರಲಿಲ್ಲ. ಕಾದ, ಕಾದ. ಯಂತ್ರ ನಿಂತುಹೋಗಿದೆ ಎಂದುಕೊಂಡು, ಕರೆಂಟು ಹೋಯ್ತೇನಮ್ಮ ಎಂದು ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿದ. ಇಲ್ಲ ತಾತ, ಬೆಳಕು ಬರ್ತಾನೇ ಇದೆ, ನೀವು ನೋಡಿ ಎಂದಳು ಅವಳು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಕಣ್ಣಿನ ನರ ಒಣಗುತ್ತ ಬಂದಿದೆ. ಎದುರಿನದು ಚೆನ್ನಾಗಿಯೇ ಕಾಣುತ್ತಿರುತ್ತದೆ, ಗೋಡೆಯ ಮೇಲಿನ ಅಕ್ಷರವನ್ನೆಲ್ಲ ಓದಬಹುದು, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ನೋಟ ಹೋಗಿಬಿಟ್ಟಿರುತ್ತದೆ, ಎಡಗಡೆಯದಂತೂ ಪೂರ್ತಿ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ದಿನವೂ ಔಷಧಿ ಬಿಟ್ಟುಕೊಳ್ಳಬೇಕು. ಇನ್ನು ಗಾಡಿ ಮುಟ್ಟುವ ಹಾಗಿಲ್ಲ.

"ಇದು ಯಾವಾಗಿಂದ ಇರಬೋದು ಸ್ವಾಮಿ?" ಎಂದು ಕೇಳಿದ ಚನ್ನಲಿಂಗಪ್ಪ.

ಕೆಲವು ವರ್ಷಗಳಿಂದಲೇ ಇರಬೇಕು ಎಂದರು ಡಾಕ್ಟರು.

ಅವನು ಏಳಲು ಹೋದ. ಮತ್ತೆ ಕೂತ. ಕೊನೆಯ ವರ್ಷ ಅವನಿಗೆ ಹಾಕಿದ್ದು ಮಾಗಡಿಯ ಬೆಳಗಿನ ಟ್ರಿಪ್ಪು. ಬಾಗಿಲವರೆಗೂ ಶಾಲೆ ಕಾಲೇಜಿನ ಮಕ್ಕಳು ತುಂಬಿಕೊಳ್ಳುತ್ತಿದ್ದರು. ಎಡಗಡೆಯ ಕನ್ನಡಿ ಮರಕ್ಕೆ ತಗುಲಿ ಒಡೆದಿತ್ತು, ರಸ್ತೆ ಅಗಲ ಮಾಡದವರನ್ನು ಬೈದಿದ್ದ. ಅಷ್ಟೂ ದಿನ ಆ ಮಕ್ಕಳನ್ನು ಕಾಪಾಡಿದ್ದು ತನ್ನ ಕೈ ಅಲ್ಲ ಎಂದು ಈಗ ಅವನಿಗೆ ಅನ್ನಿಸಿತು. ಗಿರಿಜಾಂಬ ತೋಳಿಗೆ ಕೈಕೊಟ್ಟು ಎಬ್ಬಿಸಿದಳು.

ಅಲ್ಲಿಂದ ಅವನು ಮನೆಗೆ ಹೋಗಲಿಲ್ಲ, ಸ್ಟೇಷನ್ನಿಗೆ ಹೋದ. ಸಿದ್ದಯ್ಯನಿಗೆ ಎಲ್ಲ ಹೇಳಿ, ಮೊದಲು ಬರೆಸಿದ್ದು ಸರಿಯಲ್ಲ, ಆಯಮ್ಮನ ತಪ್ಪಿಲ್ಲ, ತನಗೆ ಕಣ್ಣು ಕಾಣುವುದಿಲ್ಲ, ಹಾಗೆ ಬರೆದುಕೋ ಎಂದ. ಸಿದ್ದಯ್ಯ ಕುರ್ಚಿ ಎಳೆದು ಕೂರಿಸಿದ. ಹೊರಗೆ ಗಿರಿಜಾಂಬ ಬೇವಿನ ಮರದ ಕೆಳಗೆ ಕಾಯುತ್ತಿದ್ದಳು.

"ಅಣ್ಣ, ಸುಮ್ಕಿದ್ರೆ ಮುಗ್ದೋಯ್ತದೆ. ಯಾರೂ ಕೇಳಕಿಲ್ಲ. ಯಾಕೆ ನಿಮ್ ಹೆಸ್ರು ನೀವೇ ಕೆಡಿಸ್ಕತೀರಿ?"

"ಹೆಸ್ರು ನಂದು ಸರಿ ಕಣಪ್ಪ. ಮೂಳೆ ಅವ್ರದಲ್ವಾ. ತಪ್ಪನ್ನೂ ಅವ್ರ ತಲೆ ಮ್ಯಾಲೇ ಹಾಕೋದಾ?"

ಸಿದ್ದಯ್ಯ ಬರೆದುಕೊಂಡ. ಮುಂದೆ ಕೋರ್ಟಿನಲ್ಲೂ ಚನ್ನಲಿಂಗಪ್ಪ ತಪ್ಪು ಒಪ್ಪಿಕೊಂಡ, ಹಾಕಿದ ದಂಡ ಕಟ್ಟಿದ. ಊರಿನಲ್ಲಿ ಸುದ್ದಿ ಹಬ್ಬಿತು. ಅಷ್ಟು ದಿನ ಕುರುಡನ ಬಸ್ಸಿನಲ್ಲಿ ಕೂತಿದ್ದೆವಾ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಆಡಿಕೊಂಡರಂತೆ. ಅದು ಕಿವಿಗೆ ಬಿದ್ದ ಮೇಲೆ ಅವನು ಆ ಕಡೆ ಕಾಲಿಡಲಿಲ್ಲ.

ಮುನಿರತ್ನಮ್ಮನನ್ನು ನೋಡಲು ಅವನಿಗೆ ಧೈರ್ಯ ಬಂದಿದ್ದು ಇದೆಲ್ಲ ಆದ ಮೇಲೆ. ಅಷ್ಟರಲ್ಲಿ ಅವಳು ಊರಿಗೆ ಹೋಗಿದ್ದಳು. ಬಸ್ಸಿಳಿದು, ಅದೇ ಡೈರಿಯ ಮುಂದೆ ಹಾದು, ಮಗಳ ಭುಜ ಹಿಡಿದುಕೊಂಡು ಅವಳ ಮನೆಗೆ ಹೋದ. ಕೊಟ್ಟಿಗೆ ಖಾಲಿ ಇತ್ತು. ಹಸುಗಳನ್ನು ನೋಡಿಕೊಳ್ಳುವವರಿಲ್ಲದೆ ಕೊಟ್ಟುಬಿಟ್ಟಿದ್ದಳು. ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದ ಅವಳು ರಕ್ಷಿತಾಳನ್ನು ಮಾತಾಡಿಸಿದಳು, ಬಾರವ್ವ ಎಂದಳು. ಅವನನ್ನು ಬಹಳ ಹೊತ್ತು ನೋಡಿದಳು.

"ನಾನು ಅಲ್ಲಿದ್ದಿದ್ದು ನಿಮ್ಗೆ ಕಾಣ್ನೇ ಇಲ್ವಾ ಸ್ವಾಮಿ?"

"ಕಾಣ್ನಿಲ್ಲ ಕಣಮ್ಮ. ನಿಮ್ ಪಕ್ದಲ್ಲೇ ಬಂದ್ರೂ ಕಾಣ್ನಿಲ್ಲ. ನಂಗೆ ಆ ಕಡೆ ಏನೂ ಇಲ್ಲ."

"ನಂಗೆ ಕಾಣ್ತು," ಎಂದಳು ಮುನಿರತ್ನಮ್ಮ. "ಕಾರು ಮೆಲ್ಗೆ ಬತ್ತಿತ್ತು. ನಂಗೋಸ್ಕರ ನಿಧಾನ ಮಾಡವ್ರೆ ಅಂತ್ಲೇ ನಾನು ಇಳ್ದುದ್ದು."

ಚನ್ನಲಿಂಗಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮುಖವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ.

ಅವಳನ್ನು ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ರಾಮನಗರಕ್ಕೆ ಕರೆದುಕೊಂಡು ಹೋಗಬೇಕಿತ್ತು. ಬಸ್ಸು ಹತ್ತಲು ಆಗುತ್ತಿರಲಿಲ್ಲ, ಆಟೋದ ಕುಲುಕಾಟಕ್ಕೆ ಕಿರುಚಿಕೊಳ್ಳುತ್ತಿದ್ದಳು. ಒಂದು ದಿನ ಗಿರಿಜಾಂಬ, ಕಾರು ಕೊಳ್ಳೋಣ, ರಕ್ಷಿತಾ ಕಲಿಯಲಿ ಎಂದಳು. ಚನ್ನಲಿಂಗಪ್ಪ, ನಿಮಗೆ ಸರಿ ಕಂಡದ್ದು ಮಾಡಿ ಎಂದ. ದಯಾನಂದ್ ಅವನ ಮನಸ್ಸಿಗೆ ಬಂದಿದ್ದ ಆ ಬಿಳಿಯ ಕಾರಿನಂಥದನ್ನೇ ತೋರಿಸಿದ. ಗಿರಿಜಾಂಬ ಅದರ ಮುಂದಿನ ಸೀಟಿನಲ್ಲಿ ಕೂತು ಎದ್ದು ನೋಡಿದಳು, ಸೀಟು ತೀರಾ ತಗ್ಗು, ಸೊಂಟ ಮುರಿದವಳು ಇದರೊಳಗೆ ಇಳಿದರೆ ಏಳುವುದಿಲ್ಲ ಎಂದಳು. ಹಾಗೇ ಒಂದೊಂದರಲ್ಲೂ ಕೂತು ಎದ್ದು, ಕೊನೆಗೆ ಕುರ್ಚಿಯ ಮೇಲೆ ಕೂತಂತೆ ನೇರವಾಗಿ ಕೂರಬಹುದಾದ, ಎತ್ತರದ ಹಳೆಯ ಕಾರೊಂದನ್ನು ಆರಿಸಿದಳು. ಅಣ್ಣ, ಇದು ಪೆಟ್ರೋಲು ಜಾಸ್ತಿ ಕುಡಿಯುತ್ತೆ ಎಂದು ದಯಾನಂದ್ ಚನ್ನಲಿಂಗಪ್ಪನ ಕಿವಿಯಲ್ಲಿ ಹೇಳಿದ. ಕುಡಿಯಲಿ ಬಿಡು ಎಂದ ಅವನು.

ರಕ್ಷಿತಾ ಬೇಗ ಕಲಿತಳು. ಮೊದಮೊದಲು ಬ್ರೇಕು ಹೆಚ್ಚಾಗಿ ತುಳಿಯುತ್ತಿದ್ದಳು. ಚನ್ನಲಿಂಗಪ್ಪ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದ, ಒಂದು ದಿನವೂ ತಿದ್ದಲಿಲ್ಲ. ಮುನಿರತ್ನಮ್ಮ ಮುಂದಿನ ಸೀಟಿನಲ್ಲಿ ಕೂತು ರಕ್ಷಿತಾಳ ಜೊತೆ ಹಸುವಿನ ವಿಷಯ, ಬೆಂಗಳೂರು ಸೇರಿದ ಮಗ ಸೊಸೆಯ ವಿಷಯ ಮಾತಾಡುತ್ತಿದ್ದಳು. ಹಿಂದಿನ ಸೀಟಿನ ಕಡೆ ತಿರುಗುತ್ತಿರಲಿಲ್ಲ. ಅವಳನ್ನು ಇಳಿಸುವಾಗ ಚನ್ನಲಿಂಗಪ್ಪ ಊರುಗೋಲು ಹಿಡಿದು ನಿಲ್ಲುತ್ತಿದ್ದ. ಅವಳು ಅದನ್ನು ರಕ್ಷಿತಾಳ ಕೈಗೆ ಕೊಡಿಸಿ, ಅವಳಿಂದ ಇಸಿದುಕೊಳ್ಳುತ್ತಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಅವಳು ಕೋಲೂರಿಕೊಂಡು ಅಂಗಳ ದಾಟುವಂತಾದಳು. ಇಷ್ಟೇ, ಇನ್ನು ಇದಕ್ಕಿಂತ ಹೆಚ್ಚು ಆಗುವುದಿಲ್ಲ, ಬರುವುದು ಬೇಡ ಎಂದರು ಆಸ್ಪತ್ರೆಯವರು. ಆವತ್ತು ಅವಳನ್ನು ಮನೆಯ ಮುಂದೆ ಇಳಿಸಿದಾಗ, ಮೊದಲ ಸಲ, ಚನ್ನಲಿಂಗಪ್ಪನ ಕೈಯಿಂದಲೇ ಕೋಲು ತೆಗೆದುಕೊಂಡಳು.

ಅವನು, ಇನ್ನು ಮೇಲೂ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತೇವೆ, ಏನು ಬೇಕಾದರೂ ಹೇಳಿಕಳಿಸಿ ಎಂದ.

ಮುನಿರತ್ನಮ್ಮ ಕೋಲಿನ ಮೇಲೆ ಎರಡೂ ಕೈ ಊರಿ ನಿಂತಳು.

"ಬ್ಯಾಡಿ ಸ್ವಾಮಿ," ಎಂದಳು. "ನಿಮ್ಮ ಮ್ಯಾಲೆ ಕ್ವಾಪ ಇಲ್ಲ. ನೀವು ನಿಜ ಹೇಳುದ್ರಿ, ಬೇರೆಯೋರು ಹೇಳ್ತಿರ್ನಿಲ್ಲ. ಆದ್ರೆ ನಿಮ್ಮ ಮಕ ನೋಡ್ದಾಗೆಲ್ಲ ಆ ಬೆಳಿಗ್ಗೆ ಗ್ಯಾಪ್ನಕ್ಕೆ ಬತ್ತದೆ. ಮಗೀನ ಕಳ್ಸಿ ಬೇಕಾದ್ರೆ. ನೀವು ಬರ್ಬ್ಯಾಡಿ."

ಚನ್ನಲಿಂಗಪ್ಪ ಕೈ ಮುಗಿದ. ಅವಳು ತಿರುಗಿ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋಗುವವರೆಗೂ ನಿಂತಿದ್ದ. ಬಾಗಿಲ ಎಡಕ್ಕೆ ಸರಿದ ಮೇಲೆ ಅವಳು ಅವನಿಗೆ ಕಾಣಲಿಲ್ಲ. ಕೋಲಿನ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು.

ರಕ್ಷಿತಾ ಕಾರಿನ ಬಾಗಿಲು ತೆಗೆದು, ಮುಂದೆ ಕೂತ್ಕೊಳ್ಳಪ್ಪ ಎಂದಳು. ಅವನು ಹಿಂದೆಯೇ ಕೂತ.